ಸೆರ್ಸಿಕ್ 1968 ಅಂತ ಎಲ್ಲರೂ ಬರೆಯುತ್ತಾರೆ, ಆ ಪುಸ್ತಕ ನೋಡಿದವರು ಯಾರಾದರೂ ಇದ್ದಾರಾ?

ಹೊಸಬ_ಎಂಎಸ್ಸಿ
ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುವುದು ಇದೇ ಮೊದಲು.

ಹೋದ ವಾರ ನನ್ನ ಎಂಎಸ್ಸಿ ಪ್ರಾಜೆಕ್ಟಿನ ವೈವಾ ಆಯಿತು. ಹನ್ನೆರಡು ಗ್ಯಾಲಕ್ಸಿಗಳ ಬೆಳಕು ನಡುವಿನಿಂದ ಅಂಚಿಗೆ ಹೇಗೆ ಕಡಿಮೆಯಾಗುತ್ತದೆ ಅಂತ ಅಳೆಯುವುದು ನನ್ನ ಕೆಲಸ. ಹೊರಗಿನಿಂದ ಬಂದಿದ್ದ ಮೇಷ್ಟ್ರು ನೇರವಾಗಿ ಕೊನೆಯ ಪುಟ ತೆಗೆದರು. ಉಲ್ಲೇಖಗಳ ಪಟ್ಟಿಯ ಮೇಲೆ ಬೆರಳಿಟ್ಟು "ಸೆರ್ಸಿಕ್ 1968 ಅಂತ ಹಾಕಿದ್ದೀರಲ್ಲ, ಅದು ಯಾವ ಭಾಷೆಯ ಪುಸ್ತಕ?" ಅಂದರು. ಇಂಗ್ಲಿಷ್ ಸರ್ ಅಂದೆ. "ನೋಡಿದ್ದೀರಾ?" ಇಲ್ಲ ಸರ್. "ನಾನೂ ನೋಡಿಲ್ಲ" ಅಂತ ನಕ್ಕು ಮುಂದಿನ ಪ್ರಶ್ನೆಗೆ ಹೋದರು.

ಮನೆಗೆ ಬಂದು ಹುಡುಕಿದೆ. ಪುಸ್ತಕದ ಹೆಸರು 'ಅಟ್ಲಾಸ್ ದೆ ಗಲಾಕ್ಸಿಯಾಸ್ ಆಸ್ಟ್ರಾಲೆಸ್'. ದಕ್ಷಿಣ ಆಕಾಶದ ಗ್ಯಾಲಕ್ಸಿಗಳ ಚಿತ್ರಸಂಪುಟ, ಸ್ಪ್ಯಾನಿಷ್ ಭಾಷೆಯದು. ಅರ್ಜೆಂಟೀನಾದ ಕೊರ್ಡೊಬಾ ವೀಕ್ಷಣಾಲಯ ಅಚ್ಚು ಹಾಕಿದ್ದು. ಬರೆದವರು ಹೊಸೆ ಲೂಯಿಸ್ ಸೆರ್ಸಿಕ್. ಗ್ಯಾಲಕ್ಸಿಗಳ ಆಕಾರದ ಬಗ್ಗೆ ಏನೇ ಓದಿ, ಇವರ ಹೆಸರು ಇದ್ದೇ ಇರುತ್ತದೆ. ಆದರೆ ಇವರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ನನ್ನ ಪ್ರಶ್ನೆ ಇಷ್ಟೇ. ಒಬ್ಬ ವಿಜ್ಞಾನಿಯ ಪ್ರಭಾವ ಅಂದರೆ ಉಲ್ಲೇಖಗಳ ಸಂಖ್ಯೆ ಅಂತಾರೆ. ನನ್ನಂಥವರು ಓದದೇ ಹಾಕಿದ ಉಲ್ಲೇಖವೂ ಆ ಲೆಕ್ಕಕ್ಕೆ ಸೇರುತ್ತದಾ?

ರಾಗಿಮುದ್ದೆ
ಶೀರ್ಷಿಕೆ ನೋಡಿ ಶಿರಸಿ ಅಂತ ಓದಿದೆ. ಮಾರಿಕಾಂಬಾ ಜಾತ್ರೆ ವಿಷಯ ಅಂದ್ಕೊಂಡು ಒಳಗೆ ಬಂದೆ. ಬಂದಾಯ್ತಲ್ಲ, ಕೂತಿರ್ತೀನಿ.

ಹಳೇ_ಟೆಲಿಸ್ಕೋಪ್
ಸೇರುತ್ತದೆ. ಎಡಿಎಸ್ ಅಂತ ನಾಸಾ ನೆರವಿನ ಒಂದು ಭಂಡಾರವಿದೆ, ಖಗೋಳದವರಿಗೆ ಅದೇ ಅಂಗಳ. ಪಟ್ಟಿಯಲ್ಲಿ ಹೆಸರು ಕಂಡರೆ ಅದು ಒಂದು ಅಂತ ಎಣಿಸುತ್ತದೆ. ಓದಿದಿರಾ, ಹೊಗಳಿದಿರಾ, ಬೈದಿರಾ ಅಂತ ಕೇಳುವುದಿಲ್ಲ.

ಮನುಷ್ಯನ ಬಗ್ಗೆ ಸ್ವಲ್ಪ ಹೇಳ್ತೀನಿ. ಸೆರ್ಸಿಕ್ ಹುಟ್ಟಿದ್ದು 1933ರಲ್ಲಿ, ಬ್ಯೂನಸ್ ಐರಿಸ್ ಪ್ರಾಂತ್ಯದ ಬ್ರಗಾಡೊ ಊರಲ್ಲಿ. ಕೆಲಸ ಮಾಡಿದ್ದು ಕೊರ್ಡೊಬಾದಲ್ಲಿ. ಹತ್ತಿರದ ಬೆಟ್ಟದ ಮೇಲೆ ಬೋಸ್ಕೆ ಅಲೆಗ್ರೆ ಅಂತ ವೀಕ್ಷಣಾ ಕೇಂದ್ರವಿದೆ, 1942ರಲ್ಲಿ ಶುರುವಾದದ್ದು. ಅಲ್ಲಿನ 1.54 ಮೀಟರ್ ಕನ್ನಡಿಯೇ ಇವರ ಕಣ್ಣು. ಆಗ ಖಗೋಳದ ದೊಡ್ಡ ಟೆಲಿಸ್ಕೋಪುಗಳೆಲ್ಲ ಹೆಚ್ಚಾಗಿ ಉತ್ತರಾರ್ಧದಲ್ಲಿ. ದಕ್ಷಿಣದ ಗ್ಯಾಲಕ್ಸಿಗಳನ್ನು ನೋಡುವವರೇ ಕಡಿಮೆ.

1960ರಲ್ಲಿ ಗ್ಯಾಲಕ್ಸಿಗಳೊಳಗಿನ ದೊಡ್ಡ ಹೈಡ್ರೋಜನ್ ಮೋಡಗಳ ಬಗ್ಗೆ ಬರೆದರು. ಆ ಮೋಡಗಳ ಅಗಲ ನೋಡಿ ಗ್ಯಾಲಕ್ಸಿ ಎಷ್ಟು ದೂರ ಇದೆ ಅಂತ ಅಂದಾಜು ಮಾಡುವ ಕೆಲಸ. ಆಮೇಲೆ ಮಿರಿಯಾನಿ ಪಾಸ್ತೊರಿಸಾ ಅವರ ಜೊತೆ ಸೇರಿ ವಿಚಿತ್ರ ನಡುಭಾಗದ ಗ್ಯಾಲಕ್ಸಿಗಳನ್ನು ಹುಡುಕಿದರು. ಕೇಂದ್ರದ ಸುತ್ತ ಮಣಿ ಪೋಣಿಸಿದ ಹಾಗೆ ಹೊಳೆಯುವ ಚುಕ್ಕಿಗಳು ಇರುವಂಥವು. ಅವಕ್ಕೆ ಸೆರ್ಸಿಕ್-ಪಾಸ್ತೊರಿಸಾ ಗ್ಯಾಲಕ್ಸಿ ಅಂತಲೇ ಹೆಸರು ಬಿತ್ತು. ಆದರೆ ಇವತ್ತು ಹೆಸರು ಓಡಾಡುತ್ತಿರುವುದು ಇದ್ಯಾವುದಕ್ಕೂ ಅಲ್ಲ. ಒಂದು ಸೂತ್ರಕ್ಕೆ.

ಇನ್ನೊಂದು ಮಾತು, ನೀವು ಹಾಕಬೇಕಾದದ್ದು 1963. ಸೂತ್ರ ಮೊದಲು ಬಂದದ್ದು ಅರ್ಜೆಂಟೀನಾ ಖಗೋಳ ಸಂಘದ ಬುಲೆಟಿನ್‌ನಲ್ಲಿ, 41ರಿಂದ 43ನೇ ಪುಟ. ಅಷ್ಟೇ, ಮೂರು ಪುಟ.

ಹೊಸಬ_ಎಂಎಸ್ಸಿ
ಮೂರು ಪುಟಾನಾ! ನನ್ನ ಕೃತಜ್ಞತೆಗಳ ಪುಟವೇ ಎರಡಿದೆ ಸರ್.

ಮಲೆನಾಡ_ಮಳೆ
ನಮ್ಮಂಥವರಿಗೂ ಸ್ವಲ್ಪ ಬಿಡಿಸಿ ಹೇಳಿ. ನಾನು ಅಡಿಕೆ ಬೆಳೆಗಾರ, ರಾತ್ರಿ ದುರ್ಬೀನು ಹಿಡಿದು ಆಕಾಶ ನೋಡುವವನು. ಸೂತ್ರ ಅಂದರೆ ಏನು ಸೂತ್ರ?

ಹೊಸಬ_ಎಂಎಸ್ಸಿ
ನಾನು ಮಾಡಿದ್ದನ್ನೇ ಹೇಳ್ತೀನಿ. ಒಂದು ಗ್ಯಾಲಕ್ಸಿಯ ಫೋಟೋ ತಗೊಳ್ಳಿ. ನಡುವಿನಿಂದ ಹೊರಗೆ ಬಳೆ ಬಳೆಯಾಗಿ ಗೆರೆ ಎಳೆಯಿರಿ. ಪ್ರತಿ ಬಳೆಯಲ್ಲಿ ಎಷ್ಟು ಬೆಳಕಿದೆ ಅಂತ ಅಳೆದು ಗ್ರಾಫ್ ಹಾಕಿ. ನಡುವೆ ಜಾಸ್ತಿ, ಹೊರಗೆ ಹೋದ ಹಾಗೆ ಕಮ್ಮಿ. ಆ ಇಳಿಜಾರು ಹೇಗಿದೆ ಅನ್ನುವುದೇ ಪ್ರಶ್ನೆ.

1948ರಲ್ಲಿ ಡಿ ವೋಕುಲರ್ ಅನ್ನುವವರು ಅಂಡಾಕಾರದ ಗ್ಯಾಲಕ್ಸಿಗಳಿಗೆ ಒಂದು ನಿಯಮ ಕೊಟ್ಟರು. ನಡುವಿನಿಂದ ಇರುವ ದೂರದ ನಾಲ್ಕನೇ ಮೂಲ, ಬೆಳಕಿನ ಲಾಗರಿತಮ್ ತೆಗೆದು ಗ್ರಾಫ್ ಹಾಕಿದರೆ ಇಳಿಕೆ ನೇರ ಗೆರೆಯಾಗುತ್ತದೆ ಅಂತ. ಸೆರ್ಸಿಕ್ ಆ 4ರ ಜಾಗಕ್ಕೆ ಎನ್ ಹಾಕಿದರು. ಎನ್ ಎಷ್ಟು ಬೇಕಾದರೂ ಇರಬಹುದು. ಎನ್ 4 ಆದರೆ ಹಳೆಯ ನಿಯಮ. ಎನ್ 1 ಆದರೆ ತಟ್ಟೆಯ ಹಾಗಿರುವ ಸುರುಳಿ ಗ್ಯಾಲಕ್ಸಿಗಳ ಇಳಿಜಾರು.

ಲೆಕ್ಕ ಹಾಕಿ ನೋಡಿದಾಗ ನನಗೇ ಆಶ್ಚರ್ಯ. ಒಟ್ಟು ಬೆಳಕಿನ ಅರ್ಧ ಯಾವ ಬಳೆಯೊಳಗೆ ಸೇರುತ್ತದೋ ಆ ಬಳೆಗೆ ಹೋಲಿಸಿದರೆ, ಎನ್ 1 ಇದ್ದಾಗ ನಟ್ಟನಡುವೆ ಬೆಳಕು ಬರೀ 5 ಪಟ್ಟು ಚಿಲ್ಲರೆ. ಎನ್ 4 ಇದ್ದರೆ 2000 ಪಟ್ಟಿಗೂ ಮೀರಿ! ಅದೇ ಹೊರಗಡೆ, ಆ ಬಳೆಯ ಮೂರರಷ್ಟು ದೂರ ಹೋದರೆ, ಎನ್ 1ರಲ್ಲಿ ಬೆಳಕು ಸುಮಾರು 29ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಎನ್ 4ರಲ್ಲಿ ಇನ್ನೂ 11ರಲ್ಲಿ ಒಂದು ಪಾಲು ಉಳಿದಿರುತ್ತದೆ. ನಡುವೆ ಚೂಪು, ಅಂಚಿಗೆ ಉದ್ದನೆ ಬಾಲ.

ರಾಗಿಮುದ್ದೆ
ಅಂದ್ರೆ ಎನ್ 1 ಇಡ್ಲಿ. ಎನ್ 4, ಸುರಿದ ಹಿಟ್ಟಿನ ರಾಶಿ. ತುದಿ ಚೂಪು, ಧೂಳು ಮಾತ್ರ ಅಡಿಗೆಮನೆಯ ಮೂಲೆವರೆಗೂ.

ಮಲೆನಾಡ_ಮಳೆ
ಈಗ ತಲೆಗೆ ಹೋಯಿತು ನೋಡಿ.

ಕೋಡಿಂಗ್_ಕಾಕಾ
ಎಲ್ಲ ಸರಿ. ಆದರೆ ನನಗೊಂದು ತಕರಾರಿದೆ. ಇದ್ದ ಸೂತ್ರದಲ್ಲಿ 4 ಅಳಿಸಿ ಎನ್ ಬರೆದದ್ದು, ಅಷ್ಟೇ ಅಲ್ವಾ? ಇದಕ್ಕೆ ಸಾವಿರಾರು ಉಲ್ಲೇಖ! ನಮ್ಮ ಆಫೀಸಲ್ಲಿ ಯಾರಾದರೂ ಗಟ್ಟಿಯಾಗಿ ಬರೆದಿದ್ದ ಸಂಖ್ಯೆ ತೆಗೆದು ವೇರಿಯಬಲ್ ಹಾಕಿದರೆ ಬೆನ್ನು ಕೂಡ ತಟ್ಟುವುದಿಲ್ಲ.

ಹಳೇ_ಟೆಲಿಸ್ಕೋಪ್
ಕಾಕಾ, ಆ 4 ಎಷ್ಟು ಭಾರದ್ದು ಅಂತ ನೋಡಿ. ದಶಕಗಳ ಕಾಲ ಅದನ್ನು ಪ್ರಕೃತಿಯೇ ಬರೆದ ಸಂಖ್ಯೆ ಅನ್ನುವ ಹಾಗೆ ಬಳಸಿದರು. ಗ್ರಾಫ್ ಆ ಗೆರೆಗೆ ಕೂರದಿದ್ದರೆ ತಪ್ಪು ಅಳತೆಯದ್ದು ಅಂದುಕೊಳ್ಳುವುದು ಸುಲಭ. ಅದು ಅಳತೆಯ ತಪ್ಪಲ್ಲ, ಗ್ಯಾಲಕ್ಸಿಯ ಗುಣ ಅಂತ ಒಪ್ಪಿಕೊಳ್ಳುವುದಕ್ಕೆ ಧೈರ್ಯ ಬೇಕು.

1963ರಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಫೋಟೋ ಪ್ಲೇಟಿನಿಂದ ಮಬ್ಬು ಅಂಚಿನ ಬೆಳಕು ನಿಖರವಾಗಿ ಅಳೆಯುವುದೇ ಕಷ್ಟ. ಎನ್ ಎಷ್ಟು ಅಂತ ಗಟ್ಟಿಯಾಗಿ ಹೇಳಬೇಕಾದರೆ ಒಳ್ಳೆಯ ಅಳತೆ ಬೇಕು, ಕಂಪ್ಯೂಟರ್ ಬೇಕು. ಸಿಸಿಡಿ, ಅಂದರೆ ಬೆಳಕನ್ನು ನೇರವಾಗಿ ಸಂಖ್ಯೆಯಾಗಿ ಹಿಡಿಯುವ ಕ್ಯಾಮೆರಾ, ಬಂದ ಮೇಲೆ ಕತೆ ಬದಲಾಯಿತು. 1993ರಲ್ಲಿ ಕಾವೊನ್, ಕಪಾಚ್ಚಿಯೋಲಿ, ದೊನೊಫ್ರಿಯೊ ಅನ್ನುವ ಮೂವರು ಒಂದು ಲೇಖನ ತಂದರು. ಅಂಡಾಕಾರದ ಗ್ಯಾಲಕ್ಸಿಗಳಲ್ಲಿ ಎನ್ ಒಂದೇ ಅಲ್ಲ, ಗ್ಯಾಲಕ್ಸಿ ದೊಡ್ಡದಾದ ಹಾಗೆ ಎನ್ ಕೂಡ ಏರುತ್ತದೆ ಅಂತ ತೋರಿಸಿದರು. ಅಲ್ಲಿಗೆ ಎನ್ ಅಂದರೆ ಗೆರೆ ಕೂರಿಸಲು ತಿರುಗಿಸುವ ಬರೀ ತಿರುಪು ಅಲ್ಲ, ಗ್ಯಾಲಕ್ಸಿಯ ಬಗ್ಗೆ ಏನೋ ಹೇಳುವ ಸಂಖ್ಯೆ ಅಂತಾಯಿತು. 2002ರಲ್ಲಿ ಗ್ಯಾಲ್‌ಫಿಟ್ ತಂತ್ರಾಂಶ ಬಂತು. ಈಗ ವಿದ್ಯಾರ್ಥಿಗಳು ಮಧ್ಯಾಹ್ನದ ಊಟದೊಳಗೆ ಹತ್ತು ಗ್ಯಾಲಕ್ಸಿಯ ಎನ್ ತೆಗೆಯುತ್ತಾರೆ. ಉಲ್ಲೇಖದ ಮಳೆ ಶುರುವಾದದ್ದು ಆಗ.

ಸೆರ್ಸಿಕ್ ತೀರಿಕೊಂಡದ್ದು 1993ರ ಜುಲೈನಲ್ಲಿ, ಅರವತ್ತಕ್ಕೆ. ಕಾವೊನ್ ಲೇಖನ ಬಂದ ವರ್ಷವೇ.

ಗುಬ್ಬಿಗೂಡು
ಛೆ.

ಕೋಡಿಂಗ್_ಕಾಕಾ
ಸರಿ, ತಕರಾರು ವಾಪಸ್. ಅರ್ಧ ವಾಪಸ್. ಹಾಗಾದರೆ ಉಲ್ಲೇಖದಲ್ಲಿ ಪಾಲು ಕಾವೊನ್‌ಗೂ ಹೋಗಬೇಕು, ತಂತ್ರಾಂಶ ಬರೆದವರಿಗೂ ಹೋಗಬೇಕು, ಸಿಸಿಡಿ ಮಾಡಿದವರಿಗೂ ಹೋಗಬೇಕು.

ಹೊಸಬ_ಎಂಎಸ್ಸಿ
ಊಟದೊಳಗೆ ಹತ್ತು ಅಂದಿರಲ್ಲ ಸರ್, ನನ್ನ ಪಾಡು ಕೇಳಿ. ಒಂದು ಗ್ಯಾಲಕ್ಸಿಗೆ ಎನ್ 8 ಬಂತು. ದೊಡ್ಡ ಶೋಧನೆ ಅಂತ ಖುಷಿಯಲ್ಲಿ ಗೈಡ್‌ಗೆ ರಾತ್ರಿಯೇ ಮೆಸೇಜ್ ಹಾಕಿದೆ. ಬೆಳಿಗ್ಗೆ ಒಂದೇ ಸಾಲಿನ ಉತ್ತರ: "ಆಕಾಶ ಕಳೆದಿದ್ದೀಯಾ?" ಫೋಟೋದ ಹಿನ್ನೆಲೆಯಲ್ಲಿ ಆಕಾಶದ್ದೇ ಒಂದು ಮಂಕು ಬೆಳಕು ಇರುತ್ತದೆ. ಅದನ್ನು ಕಳೆಯುವಾಗ ಕೂದಲೆಳೆಯಷ್ಟು ಕಮ್ಮಿ ಕಳೆದಿದ್ದೆ. ಉಳಿದ ಆಕಾಶವನ್ನು ಪ್ರೋಗ್ರಾಂ ಗ್ಯಾಲಕ್ಸಿಯ ಬಾಲ ಅಂದುಕೊಂಡಿತು. ಬಾಲ ಉದ್ದವಾದರೆ ಎನ್ ಏರಲೇಬೇಕಲ್ಲ. ಸರಿ ಮಾಡಿದ ಮೇಲೆ 3ಕ್ಕೆ ಬಂತು.

ಕಾಕಾ, ಆವತ್ತು ಆ 4ರ ಬಗ್ಗೆ ಯಾಕೆ ಅನುಮಾನ ಪಡಲಿಲ್ಲ ಅಂತ ನನಗೆ ಅರ್ಥವಾಗುತ್ತದೆ. ಅನುಮಾನ ಮೊದಲು ಬರುವುದು ನಮ್ಮ ಮೇಲೇ.

ಲೈಬ್ರರಿ_ಕಿಟಕಿ
ಮೂಲ ಪ್ರಶ್ನೆಗೆ ಬರ್ತೀನಿ, ಓದದೇ ಹಾಕುವುದು. ಇದನ್ನು ಅಳೆದವರೇ ಇದ್ದಾರೆ. 2003ರಲ್ಲಿ ಸಿಮ್ಕಿನ್ ಮತ್ತು ರಾಯ್‌ಚೌಧುರಿ ಅನ್ನುವ ಇಬ್ಬರು ಒಂದು ಉಪಾಯ ಹೂಡಿದರು. ಉಲ್ಲೇಖಗಳಲ್ಲಿ ಅಚ್ಚಿನ ತಪ್ಪು ಇರುತ್ತವಲ್ಲ, ಪುಟದ ಸಂಖ್ಯೆ ಅದಲುಬದಲು, ಸಂಪುಟ ತಪ್ಪು, ಇಂಥವು. ಒಂದೇ ತಪ್ಪು ಹತ್ತಾರು ಲೇಖನಗಳಲ್ಲಿ ಇದ್ದರೆ ಅವರೆಲ್ಲ ಮೂಲ ನೋಡಿಲ್ಲ, ಒಬ್ಬರಿಂದ ಒಬ್ಬರು ಎತ್ತಿದ್ದಾರೆ ಅಂತ ಅರ್ಥ. ಹಾಗೆ ಲೆಕ್ಕ ಹಾಕಿ, ಉಲ್ಲೇಖಿಸುವವರಲ್ಲಿ ಮೂಲ ಓದಿದವರು ಸುಮಾರು 20 ಪ್ರತಿಶತ ಮಾತ್ರ ಅಂದರು.

ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿದವಳು, ಇದು ನಮಗೆ ಹೊಸದಲ್ಲ. ಮೂರು ಬೆಂಚಿನಲ್ಲಿ ಒಂದೇ ತಪ್ಪು ಉತ್ತರ ಬಂದರೆ ಪೇಪರ್ ಯಾವ ಬೆಂಚಿನಿಂದ ಹೊರಟಿತು ಅಂತ ಗೊತ್ತಾಗುತ್ತೆ.

ಹಳೇ_ಟೆಲಿಸ್ಕೋಪ್
ಅದು ನಿಜ. ಆದರೆ ಸೆರ್ಸಿಕ್ ವಿಷಯದಲ್ಲಿ ನಾನು ಅಷ್ಟು ಕಟುವಾಗುವುದಿಲ್ಲ. ಇಲ್ಲಿ ಉಲ್ಲೇಖ ಅಂದರೆ "ನಾನು ಇದನ್ನು ಓದಿದೆ" ಅಂತಲ್ಲ, "ಈ ಹತ್ಯಾರ ಇವರದ್ದು" ಅಂತ. ಪಕ್ಕದ ಮನೆಯ ಏಣಿ ತಂದು ಕೆಲಸ ಮುಗಿಸಿ ಅವರದ್ದು ಅಂತ ಹೇಳುವ ಹಾಗೆ. ಏಣಿ ಯಾವ ಮರದ್ದು ಅಂತ ಗೊತ್ತಿರಬೇಕಾಗಿಲ್ಲ.

ಗ್ಯಾಲಕ್ಸಿ ಸಂಶೋಧನೆಯಲ್ಲಿ ಅತಿ ಹೆಚ್ಚು ಉಲ್ಲೇಖ ಗಳಿಸುವುದು ಹೆಚ್ಚಾಗಿ ಇಂಥ ಏಣಿಗಳೇ. ಹುಟ್ಟುವ ನಕ್ಷತ್ರಗಳಲ್ಲಿ ದೊಡ್ಡವು ಎಷ್ಟು, ಚಿಕ್ಕವು ಎಷ್ಟು ಅಂತ ಸಾಲ್ಪೀಟರ್ 1955ರಲ್ಲಿ ಹೇಳಿದ್ದು. ಮಂದ ಗ್ಯಾಲಕ್ಸಿಗಳಿಗೆ ಉಜ್ವಲ ಗ್ಯಾಲಕ್ಸಿಗಳು ಎಷ್ಟು ಅಂತ ಶೆಕ್ಟರ್ 1976ರಲ್ಲಿ ಕೊಟ್ಟ ಸೂತ್ರ. ನಮ್ಮ ಕ್ಷೀರಪಥದ ಧೂಳು ಎಲ್ಲೆಲ್ಲಿ ಎಷ್ಟಿದೆ ಅಂತ ಶ್ಲೇಗಲ್, ಫಿಂಕ್‌ಬೈನರ್, ಡೇವಿಸ್ 1998ರಲ್ಲಿ ಮಾಡಿದ ನಕ್ಷೆ. ಆ ಧೂಳನ್ನು ಕಳೆಯದೆ ಯಾವ ಗ್ಯಾಲಕ್ಸಿಯ ಬಣ್ಣವನ್ನೂ ಸರಿಯಾಗಿ ಹೇಳಲಾಗದು, ಹಾಗಾಗಿ ಎಲ್ಲರೂ ಅದನ್ನು ಉಲ್ಲೇಖಿಸುತ್ತಾರೆ.

ಇದರ ಉಲ್ಟಾ ಕೂಡ ನಡೆದಿದೆ. ವೆಸ್ಟೊ ಸ್ಲೈಫರ್ 1912ರಿಂದ ವರ್ಷಗಟ್ಟಲೆ ಚಳಿಯಲ್ಲಿ ಕೂತು ಗ್ಯಾಲಕ್ಸಿಗಳ ವೇಗ ಅಳೆದರು. ಗ್ಯಾಲಕ್ಸಿ ದೂರ ಇದ್ದಷ್ಟೂ ವೇಗವಾಗಿ ದೂರ ಸರಿಯುತ್ತದೆ ಅಂತ ತೋರಿಸಿದ 1929ರ ಪ್ರಸಿದ್ಧ ಲೇಖನದಲ್ಲಿ ಹಬಲ್ ಬಳಸಿದ ವೇಗಗಳು ಬಹುಪಾಲು ಸ್ಲೈಫರ್ ಅವರವು. ಆ ಲೇಖನದಲ್ಲಿ ಸ್ಲೈಫರ್ ಹೆಸರಿಲ್ಲ. ಓದದೇ ಹೆಸರು ಹಾಕುವುದು ಒಂದು ತಪ್ಪು ಅಂತಾದರೆ, ಬಳಸಿ ಹೆಸರು ಬಿಡುವುದು ಅದಕ್ಕಿಂತ ದೊಡ್ಡದು.

ಗುಬ್ಬಿಗೂಡು
ಈ ಸಂಖ್ಯೆಗಳ ಬಿಸಿ ತಟ್ಟಿದವಳು ನಾನು, ಅದಕ್ಕೇ ಬರೀತಿದ್ದೀನಿ. ಒಂದು ಸಂದರ್ಶನಕ್ಕೆ ಹೋಗಿದ್ದೆ. ಐದು ಜನ ಕೂತಿದ್ದರು. ಮೊದಲ ಪ್ರಶ್ನೆ: "ನಿಮ್ಮ ಎಚ್-ಇಂಡೆಕ್ಸ್ ಎಷ್ಟು?" ಹೇಳಿದೆ. ಒಬ್ಬರು ಬರೆದುಕೊಂಡರು. ನನ್ನ ಕೆಲಸ ಏನು ಅಂತ ಕೇಳುವ ಹೊತ್ತಿಗೆ ಕಾಫಿ ಬಂತು.

ಗೊತ್ತಿಲ್ಲದವರಿಗೆ: ಎಚ್-ಇಂಡೆಕ್ಸ್ 20 ಅಂದರೆ, ತಲಾ 20 ಸಲವಾದರೂ ಉಲ್ಲೇಖವಾದ 20 ಲೇಖನಗಳು ನಿಮ್ಮ ಹೆಸರಲ್ಲಿವೆ ಅಂತ. ಹಿರ್ಷ್ ಅನ್ನುವ ಭೌತವಿಜ್ಞಾನಿ 2005ರಲ್ಲಿ ಹೇಳಿದ ಅಳತೆ. ಇದರಲ್ಲಿ ಒಂದು ಲೇಖನಕ್ಕೆ 30 ಬಂದರೂ 30,000 ಬಂದರೂ ಅದು ಒಂದೇ ಲೇಖನ. ಅಂದರೆ ಸೆರ್ಸಿಕ್ ಅವರ ಆ ಸೂತ್ರದ ಅಷ್ಟೂ ಕೀರ್ತಿ ಈ ಅಳತೆಯಲ್ಲಿ ಒಂದೋ ಎರಡೋ ಅಂಕ. ಅದೂ ಕೆಲವರು 1963 ಅಂತ, ಕೆಲವರು 1968 ಅಂತ ಹಾಕಿ ಲೆಕ್ಕ ಬೇರೆ ಹರಿದು ಹಂಚಿದೆ. ಅವರು ಆ ಐದು ಜನರ ಮುಂದೆ ಕೂತಿದ್ದರೆ ಕಾಫಿಯೂ ಸಿಗುತ್ತಿರಲಿಲ್ಲವೇನೋ.

ಲೈಬ್ರರಿ_ಕಿಟಕಿ
ಗುಬ್ಬಿಗೂಡು ಅವರೇ, ನಿಮ್ಮ ಮಾತಿಗೆ ಖಗೋಳವಿಜ್ಞಾನಿ ಬಿಯಾಟ್ರಿಸ್ ಟಿನ್ಸ್‌ಲಿ ನೆನಪಾದರು. ಸೆರ್ಸಿಕ್ ಒಂದು ಸೂತ್ರದಿಂದ ಉಳಿದರೆ ಇವರದ್ದು ಬೇರೆಯೇ ರೀತಿ.

ಹುಟ್ಟಿದ್ದು 1941ರಲ್ಲಿ ಇಂಗ್ಲೆಂಡಿನಲ್ಲಿ, ಬೆಳೆದದ್ದು ನ್ಯೂಜಿಲೆಂಡ್. ಗಂಡನಿಗೆ ಅಮೆರಿಕದ ಡಾಲಸ್‌ನಲ್ಲಿ ಕೆಲಸ ಸಿಕ್ಕಿತು, ಇವರಿಗೆ ಅಲ್ಲಿ ಸರಿಯಾದ ಜಾಗ ಸಿಗಲಿಲ್ಲ. ಮುನ್ನೂರು ಕಿಲೋಮೀಟರ್ ದೂರದ ಆಸ್ಟಿನ್‌ಗೆ ಓಡಾಡಿಕೊಂಡು ಪಿಎಚ್‌ಡಿ ಮುಗಿಸಿದರು. ಆಗ ಗ್ಯಾಲಕ್ಸಿಗಳನ್ನು ಒಂದೇ ಸಮ ಉರಿಯುವ ದೀಪಗಳು ಅಂದುಕೊಂಡು, ಅವುಗಳ ಹೊಳಪಿನಿಂದ ವಿಶ್ವದ ವಿಸ್ತರಣೆ ಹೇಗೆ ನಿಧಾನವಾಗುತ್ತಿದೆ ಅಂತ ಅಳೆಯಲು ಹೊರಟಿದ್ದರು. ದೀಪದ ಎಣ್ಣೆ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ ಅಂತ ಟಿನ್ಸ್‌ಲಿ ಲೆಕ್ಕ ಹಾಕಿ ತೋರಿಸಿದರು. ನಕ್ಷತ್ರಗಳು ಮುಪ್ಪಾಗುತ್ತವೆ, ಅನಿಲ ಕರಗುತ್ತದೆ, ಹಾಗಾಗಿ ಗ್ಯಾಲಕ್ಸಿಯ ಹೊಳಪೂ ಬಣ್ಣವೂ ಬದಲಾಗುತ್ತವೆ. ದೀಪವನ್ನೇ ಅಳತೆಗೋಲು ಮಾಡಿಕೊಂಡಿದ್ದ ದೊಡ್ಡವರಿಗೆ ಇದು ಹಿಡಿಸಲಿಲ್ಲ.

14 ವರ್ಷದ ವೃತ್ತಿಯಲ್ಲಿ ಸುಮಾರು 100 ಲೇಖನ. ಲಾರ್ಸನ್ ಜೊತೆ 1978ರಲ್ಲಿ ಬರೆದದ್ದು, ಡಿಕ್ಕಿ ಹೊಡೆದ ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳು ಒಮ್ಮೆಲೇ ಹುಟ್ಟುತ್ತವೆ ಅಂತ ಬಣ್ಣ ನೋಡಿ ಹೇಳಿದ್ದು. ಅದೇ ವರ್ಷ ಯೇಲ್‌ನಲ್ಲಿ ಪ್ರೊಫೆಸರ್ ಆದರು, ಅಲ್ಲಿ ಖಗೋಳ ವಿಭಾಗದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ. ಅಷ್ಟರಲ್ಲಿ ಮೆಲನೋಮಾ ಕ್ಯಾನ್ಸರ್ ಬಂದಾಗಿತ್ತು. ಬಲಗೈ ನಿಂತಿತು. ಎಡಗೈಯಲ್ಲಿ ಬರೆಯಲು ಕಲಿತು ಕೊನೆಯ ಲೇಖನ ಕಳಿಸಿದರು. 1981ರ ಮಾರ್ಚ್‌ನಲ್ಲಿ ತೀರಿಕೊಂಡಾಗ 40 ವರ್ಷ.

ಅವರ 1980ರ ದೊಡ್ಡ ವಿಮರ್ಶಾ ಲೇಖನವನ್ನು ಇವತ್ತಿಗೂ ಉಲ್ಲೇಖಿಸುತ್ತಾರೆ, ಮತ್ತು ಇದನ್ನು ಓದಿಯೇ ಉಲ್ಲೇಖಿಸುತ್ತಾರೆ ಅಂತ ನನ್ನ ಗುಮಾನಿ. ಯಾಕೆಂದರೆ ಅದು ಸೂತ್ರವಲ್ಲ, ಪಾಠ. 1968ರಲ್ಲಿ ಬಂದ ಅವರ ಮೊದಲ ದೊಡ್ಡ ಲೇಖನಕ್ಕೂ ಇದಕ್ಕೂ ಹೆಸರು ಒಂದೇ, ಗ್ಯಾಲಕ್ಸಿಗಳಲ್ಲಿ ನಕ್ಷತ್ರ ಮತ್ತು ಅನಿಲದ ವಿಕಾಸ. ಹನ್ನೆರಡು ವರ್ಷದ ಮೇಲೆ ಅದೇ ತಲೆಬರಹ ಹಾಕಿದ್ದು ಬೇಕಂತಲೇ ಇರಬೇಕು ಅಂತ ನನಗೆ ಅನಿಸುತ್ತದೆ.

ಮಲೆನಾಡ_ಮಳೆ
ಇಬ್ಬರದ್ದೂ ಬೆಳೆ ಕೊಯ್ದದ್ದು ಬೇರೆಯವರು. ತೋಟದವನಿಗೆ ಇದು ಗೊತ್ತು, ನನ್ನ ಈಗಿನ ಅಡಿಕೆ ಅಜ್ಜ ನೆಟ್ಟದ್ದು. ನಮ್ಮ ಕಡೆಯವರಲ್ಲಿ ಹೀಗೆ ಯಾರಾದರೂ ಇದ್ದಾರಾ?

ಹಳೇ_ಟೆಲಿಸ್ಕೋಪ್
ಗ್ಯಾಲಕ್ಸಿಯಲ್ಲೇ ಬೇಕಂದರೆ ಬೆಂಗಳೂರಿನ ಐಐಎಸ್‌ಸಿಯ ಚಂದಾ ಜೋಗ್. ಗ್ಯಾಲಕ್ಸಿಯ ತಟ್ಟೆಯಲ್ಲಿ ನಕ್ಷತ್ರ, ಅನಿಲ ಎರಡೂ ಸೇರಿದಾಗ ಅದು ಯಾವಾಗ ಕುಸಿದು ಮುದ್ದೆಯಾಗುತ್ತದೆ ಅಂತ ಸಾಲೊಮನ್ ಜೊತೆ 1984ರಲ್ಲಿ ಬರೆದರು. ಎರಡನ್ನೂ ಬೇರೆ ಬೇರೆ ನೋಡಿದರೆ ಗಟ್ಟಿ ಅನ್ನಿಸುವ ತಟ್ಟೆ, ಒಟ್ಟಿಗೆ ನೋಡಿದಾಗ ಗಟ್ಟಿ ಇರಬೇಕಿಲ್ಲ. ತಟ್ಟೆಗಳ ಸ್ಥಿರತೆಯ ಚರ್ಚೆಯಲ್ಲಿ ಅದು ಈಗಲೂ ಬರುತ್ತದೆ.

ಕಾದು ಕೊಯ್ದವರು ಬೇಕಂದರೆ ನಮ್ಮ ಸಿ. ವಿ. ವಿಶ್ವೇಶ್ವರ. ಅವರದ್ದು ಕಪ್ಪುಕುಳಿ, ವಿಷಯ ಸ್ವಲ್ಪ ಆಚೆ. ಕಪ್ಪುಕುಳಿಗೆ ಪೆಟ್ಟು ಬಿದ್ದರೆ ಗಂಟೆಯ ಹಾಗೆ ಮೊಳಗಿ ನಿಲ್ಲುತ್ತದೆ ಅಂತ 1970ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದ್ದರು. ಆಮೇಲೆ ಬೆಂಗಳೂರಿನ ನೆಹರು ತಾರಾಲಯ ಕಟ್ಟಿ ಬೆಳೆಸಿದರು. ನಮ್ಮಲ್ಲಿ ಎಷ್ಟೋ ಜನಕ್ಕೆ ಅವರು ತಾರಾಲಯದ ಮೇಷ್ಟ್ರು, ಅಷ್ಟೇ. 2015ರ ಸೆಪ್ಟೆಂಬರಿನಲ್ಲಿ ಗುರುತ್ವದ ಅಲೆ ಹಿಡಿಯುವ ಲೈಗೊ ಯಂತ್ರಕ್ಕೆ ಎರಡು ಕಪ್ಪುಕುಳಿ ಸೇರಿದ ಅಲೆ ಸಿಕ್ಕಿತು, ಕೊನೆಯಲ್ಲಿ ಆ ಮೊಳಗು ಇತ್ತು. ಸುದ್ದಿ ಹೊರಬಿದ್ದದ್ದು 2016ರ ಫೆಬ್ರವರಿ. ಅವರು 2017ರ ಜನವರಿಯಲ್ಲಿ ಹೋದರು. ಅಂದರೆ ಕೇಳಿಸಿಕೊಂಡೇ ಹೋದರು. ಸೆರ್ಸಿಕ್‌ಗೆ ಆ ಒಂದು ವರ್ಷ ಸಿಗಲಿಲ್ಲ.

ಕೋಡಿಂಗ್_ಕಾಕಾ
ಉಳಿದರ್ಧ ತಕರಾರೂ ವಾಪಸ್.

ಹೊಸಬ_ಎಂಎಸ್ಸಿ
ಎಲ್ಲರಿಗೂ ಥ್ಯಾಂಕ್ಸ್. ಎಡಿಎಸ್‌ನಲ್ಲಿ 1963ರ ದಾಖಲೆ ತೆಗೆದು ನೋಡಿದೆ. ತಲೆಬರಹದಲ್ಲಿ ಸೂತ್ರದ ಸುದ್ದಿಯೇ ಇಲ್ಲ. ಗಾಳಿ ಮತ್ತು ಉಪಕರಣ ಬೆಳಕನ್ನು ಚದುರಿಸುವುದರಿಂದ ಗ್ಯಾಲಕ್ಸಿಯ ಬೆಳಕಿನ ಹಂಚಿಕೆಯ ಮೇಲೆ ಏನಾಗುತ್ತದೆ ಅನ್ನುವುದು ವಿಷಯ. ನನ್ನ ಆಕಾಶ ಕಳೆಯುವ ಗೋಳಿನ ಅಣ್ಣನೇ! ಪ್ರಬಂಧ ಬೈಂಡಿಂಗ್‌ಗೆ ಹೋಗುವ ಮುಂಚೆ 1963 ಕೂಡ ಸೇರಿಸಿದೆ.

ಇನ್ನೊಂದು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಇದನ್ನೇ ಕನ್ನಡದಲ್ಲಿ ಎರಡು ಪುಟ ಬರೆದುಕೊಟ್ಟಿದ್ದೆ. ಇವತ್ತು ಪ್ರೂಫ್ ಬಂತು. ಡಿಟಿಪಿ ಮಾಡಿದವರು ಮೂರು ಕಡೆ 'ಶಿರಸಿ ಸೂತ್ರ' ಅಂತ ಮಾಡಿದ್ದಾರೆ.

ರಾಗಿಮುದ್ದೆ
ನಾನಲ್ಲ.

ಹೊಸಬ_ಎಂಎಸ್ಸಿ
ತಿದ್ದಿ ಕಳಿಸಿದೆ. ಎರಡು ಸರಿಯಾಗಿ ಬಂದಿವೆ. ಮೂರನೆಯದು ಹಾಗೇ ಅಚ್ಚಿಗೆ ಹೋಗಿದೆಯಂತೆ.

ಲೈಬ್ರರಿ_ಕಿಟಕಿ
ಇರಲಿ ಬಿಡಪ್ಪ. ಮುಂದೆ ಯಾರಾದರೂ 'ಶಿರಸಿ ಸೂತ್ರ' ಅಂತ ಬರೆದರೆ ಯಾವ ಬೆಂಚಿನಿಂದ ಎತ್ತಿದ್ದು ಅಂತ ನಮಗೆ ಗೊತ್ತಿರುತ್ತೆ.